ಮಳೆ ಪುಸ್ತಕದ ಷರಾ

ಬೆಳಗಿನ ಎಂಟೂವರೆ ಎಂದರೆ ನಮ್ಮ ಊರಿನ ಮನೆಯಲ್ಲಿ ಮಳೆ ಅಳೆಯುವ ಹೊತ್ತು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆ ಹೋಗುವ ರಸ್ತೆ ಬಿಟ್ಟು ಒಂದೂವರೆ ಮೈಲಿ ಒಳಗಿರುವ ಮನೆ ಅದು. ಅಂಗಳದಾಚೆ, ಮರದ ಕೊಂಬೆಯಾಗಲಿ ಸೂರಿನ ಹನಿಯಾಗಲಿ ತಾಗದ ಜಾಗದಲ್ಲಿ, ಸಣ್ಣದೊಂದು ಕಟ್ಟೆಯ ಮೇಲೆ ಮಳೆಮಾಪಕ ಕೂತಿದೆ. ಅಪ್ಪಯ್ಯ ಕೊಡೆ ಹಿಡಿದು ಹೋಗುತ್ತಾರೆ. ಮೇಲಿನ ಲಾಳಿಕೆ ತೆಗೆದು, ಒಳಗಿನ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ. ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಒಂದು ಲೋಟಕ್ಕೆ ಮುಗಿಯುವುದಿಲ್ಲ. ಐದು, ಆರು, ಏಳು ಎಂದು ಎಣಿಸಿ ಕೂಡಿಸಬೇಕು.

ಎಂಟೂವರೆ ಅವರು ತಾವಾಗಿ ಆರಿಸಿಕೊಂಡ ಹೊತ್ತಲ್ಲ. ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಗಿನ 8.30ರಿಂದ ಮರುದಿನದ 8.30ರವರೆಗೆ ಎಂದು ಎಣಿಸುತ್ತದೆ. ಅದು ತಿಳಿದ ಮೇಲೆ ಅಪ್ಪಯ್ಯ ಬೇರೆ ಹೊತ್ತಿನಲ್ಲಿ ಅಳೆದದ್ದನ್ನು ನಾನು ಕಂಡಿಲ್ಲ. ತಿಂಡಿ ಅರ್ಧಕ್ಕೆ ನಿಂತರೂ ಸರಿ, ಅಳತೆಯ ಹೊತ್ತು ತಪ್ಪಬಾರದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಆಗುಂಬೆಯ ಪಕ್ಕದಲ್ಲಿ ಬದುಕುವವರಿಗೆ ಮಳೆಯ ಲೆಕ್ಕ ಬರಿಯ ಹವ್ಯಾಸವಲ್ಲ. ಪುಸ್ತಕದಲ್ಲಿ ಮಿಲಿಮೀಟರ್ ಬರೆದರೂ ಬಾಯಲ್ಲಿ ಇನ್ನೂ ಇಂಚೇ. ದಾರಿಯಲ್ಲಿ ಸಿಕ್ಕವರು ಮೊದಲು ಕೇಳುವುದು, ‘ಗೌಡರೇ, ನಿನ್ನೆ ಎಷ್ಟಾಯಿತು?’

ಆ ಉದ್ದನೆಯ ಪುಸ್ತಕದಲ್ಲಿ ಐದು ಕಾಲಂಗಳಿವೆ: ತಾರೀಕು, ಮಿಲಿಮೀಟರ್, ಇಂಚು, ಈ ವರ್ಷದ ಒಟ್ಟು, ಕೊನೆಗೆ ಷರಾ. ಷರಾ ಎಂಬುದು ಕಚೇರಿಯ ಕಡತಗಳಿಂದ ಬಂದ ಮಾತು. ಗೆರೆಯ ಕೊನೆಯಲ್ಲಿ, ಅಂಕಿಯಲ್ಲಿ ಹಿಡಿಸದ್ದನ್ನು ಬರೆಯುವ ಜಾಗ. ‘ಕೆರೆ ಕೋಡಿ ಬಿತ್ತು.’ ‘ಹಳ್ಳ ದಾಟಲಾಗಲಿಲ್ಲ, ಮಕ್ಕಳು ಶಾಲೆಗೆ ಹೋಗಿಲ್ಲ.’ ‘ಮೊದಲ ಔಷಧಿ ಮುಗಿಯಿತು.’ ‘ಕೆಂಪಿ ಕರು ಹಾಕಿತು.’ ಚಿಕ್ಕವಳಿದ್ದಾಗ ನಾನು ಅಂಕಿಗಳನ್ನು ಬಿಟ್ಟು ಷರಾಗಳನ್ನಷ್ಟೇ ಓದುತ್ತಿದ್ದೆ.

ಅಪ್ಪಯ್ಯನ ಒಂದು ದೊಡ್ಡ ಅಭ್ಯಾಸವನ್ನು ಬದಲಿಸಿದ್ದು ಆ ಷರಾ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದನ್ನೇ ನಮ್ಮಲ್ಲಿ ಔಷಧಿ ಎನ್ನುವುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಎರಡು ವರ್ಷ ಮೇಲಿಂದ ಮೇಲೆ ಕೊಳೆ ಬಂದು ಫಸಲು ನೆಲಕ್ಕೆ ಉದುರಿದಾಗ ಅಪ್ಪಯ್ಯ ಹಳೆಯ ಪುಸ್ತಕಗಳನ್ನೆಲ್ಲ ಜಗಲಿಯಲ್ಲಿ ಹರಡಿಕೊಂಡು ಕೂತಿದ್ದು ನನಗೆ ನೆನಪಿದೆ. ಕೊಳೆ ಬಂದ ವರ್ಷಗಳಲ್ಲೆಲ್ಲ ‘ಮೊದಲ ಔಷಧಿ ಮುಗಿಯಿತು’ ಎಂಬ ಷರಾ ಮಳೆಯ ಅಂಕಿ ಏರಿದ ಮೇಲಿನ ಗೆರೆಗಳಲ್ಲಿತ್ತು. ಅಡಿಕೆ ಮರ ಹತ್ತುವ ಕೊನೆಗಾರ ಸಿಗಲಿಲ್ಲ, ನೆಂಟರ ಮನೆಯ ಮದುವೆ, ಸುಣ್ಣ ಬರಲಿಲ್ಲ: ಆಯಾ ವರ್ಷಕ್ಕೆ ಆಯಾ ಕಾರಣವಿತ್ತು. ಎಲ್ಲವನ್ನೂ ಒಟ್ಟಿಗೆ ಓದಿದಾಗ ಮಾತ್ರ ತಡಮಾಡುವುದು ತಮಗೆ ಅಭ್ಯಾಸವೇ ಆಗಿಹೋಗಿದೆ ಎಂದು ಅವರಿಗೆ ಕಂಡಿತು. ಮುಂದಿನ ವರ್ಷದಿಂದ ನಮ್ಮ ಮನೆಯ ಮದುವೆ ಮುಂಜಿಗಳು ಮೇ ಕೊನೆಯ ವಾರಕ್ಕೆ ಬರಲಿಲ್ಲ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣ ನನ್ನ ಕೈಗೆ ಬಂದ ಗಡಿಯಾರ.

ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.1 ಎಂದು ಬಂತು. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂದು ಅಳೆದು, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಅರ್ಥ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ಅಷ್ಟು ದೊಡ್ಡ ಗುಂಪಿನಲ್ಲಿ ನಾನೂ ಒಬ್ಬಳು ಎಂಬುದು ಸಮಾಧಾನ ತರಲಿಲ್ಲ. ಅಮ್ಮ ಕೊನೆಯ ಹತ್ತು ವರ್ಷ ಸೂಜಿ ಚುಚ್ಚಿಕೊಂಡದ್ದು ಕಣ್ಣೆದುರು ಬಂತು.

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಸ್ಮಾರ್ಟ್ ವಾಚ್ ಕಳಿಸಿದಳು. ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಅಂಕಿಗಳೆಂದರೆ ಅಂಜಿಕೆಯಿಲ್ಲ. ಮೊದಲ ವಾರವೇ ಗೊತ್ತಾಯಿತು, ದಿನವೆಲ್ಲ ತರಗತಿಯಲ್ಲಿ ನಿಂತೇ ಇರುವ ನಾನು ನಡೆಯುವುದು ಸುಮಾರು 3,400 ಹೆಜ್ಜೆ ಮಾತ್ರ. ನಿಲ್ಲುವುದೂ ನಡೆಯುವುದೂ ಒಂದೇ ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಗಡಿಯಾರ ಆ ನಂಬಿಕೆಯನ್ನು ಒಂದು ವಾರದಲ್ಲಿ ಅಳಿಸಿತು. ಅದಕ್ಕೆ ನಾನು ಋಣಿ.

ಆದರೆ ಮೂರು ತಿಂಗಳ ಮೇಲೂ ಸರಾಸರಿ 3,600ರಲ್ಲೇ ಇತ್ತು. ಗೊತ್ತಾಗುವುದು ಬೇರೆ, ಬದಲಾಗುವುದು ಬೇರೆ. ಗಡಿಯಾರ ದಿನವೂ ಅಂಕಿ ತೋರಿಸುತ್ತಿತ್ತು, ನಾನು ದಿನವೂ ನೋಡುತ್ತಿದ್ದೆ, ಅಷ್ಟೇ.

ಅದರ ಅಂಕಿಯೂ ನಾನಂದುಕೊಂಡಷ್ಟು ನೇರವಾಗಿರಲಿಲ್ಲ. ಕೈಗೆ ಕಟ್ಟಿದ ಗಡಿಯಾರ ಕಾಲನ್ನು ಕಾಣುವುದಿಲ್ಲ. ಅದರೊಳಗಿನ ಸಣ್ಣ ಸಂವೇದಕ ಕೈಯ ಅಲುಗಾಟವನ್ನು ಹಿಡಿದು, ಒಂದೇ ಲಯದಲ್ಲಿ ಬರುವ ಅಲುಗಾಟವನ್ನು ಹೆಜ್ಜೆ ಎಂದು ಎಣಿಸುತ್ತದೆ. ಆಟಿ ತಿಂಗಳಿನ ಮಳೆಯಲ್ಲಿ ಎಡಗೈಯಲ್ಲಿ ಕೊಡೆ ಹಿಡಿದು ಗಾಂಧಿ ಪಾರ್ಕ್ ಸುತ್ತಿದಾಗ ಕೈ ಬೀಸಲಿಲ್ಲವೆಂದು ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೇ ಬರಲಿಲ್ಲ. ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಇದರ ತಿರುಗುಮುರುಗಾಯಿತು. ಕೊನೆ ಕೊಯ್ಲು, ಎಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗಿತ್ತು. ರಾತ್ರಿ ಏಳರಿಂದ ಹತ್ತರವರೆಗೆ ಎಲ್ಲರ ಜೊತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದೆ. ಸುಲಿಯುವ ಕೈಗೆ ಒಂದು ಲಯವಿದೆ, ಬಲ್ಲವರಿಗೆ ಗೊತ್ತು. ಎದ್ದಾಗ ಗಡಿಯಾರದಲ್ಲಿ ನಾಲ್ಕು ಸಾವಿರ ಹೆಜ್ಜೆ ಹೆಚ್ಚಾಗಿತ್ತು, ಗುರಿ ಮುಟ್ಟಿದ್ದಕ್ಕೆ ಅಭಿನಂದನೆ ಬಂದಿತ್ತು. ನಾನು ಕೂತ ಮಣೆಯಿಂದ ಎದ್ದಿರಲಿಲ್ಲ.

ಅಪ್ಪಯ್ಯನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಗಡಿಯಾರವನ್ನೂ ಮೊಬೈಲಿನಲ್ಲಿದ್ದ ಪಟ್ಟಿಯನ್ನೂ ಬಹಳ ಹೊತ್ತು ನೋಡಿದರು. ತಾರೀಕು ಇದೆ, ಹೆಜ್ಜೆ ಇದೆ, ನಿದ್ದೆ ಇದೆ, ತಿಂಗಳ ಒಟ್ಟೂ ಇದೆ. ‘ಎಲ್ಲ ಚೆನ್ನಾಗಿದೆ ಮಾರಾಯ್ತಿ. ಇದರಲ್ಲಿ ಷರಾ ಎಲ್ಲಿ ಬರೆಯುತ್ತೀ?’ ಎಂದರು.

ಶಿವಮೊಗ್ಗಕ್ಕೆ ಬಂದ ಮರುದಿನ ಒಂದು ಉದ್ದನೆಯ ನೋಟ್ ಪುಸ್ತಕ ಕೊಂಡು ಗೆರೆ ಎಳೆದೆ. ತಾರೀಕು, ಹೆಜ್ಜೆ, ನಿದ್ದೆ, ಮೊಬೈಲ್ ನೋಡಿದ ಹೊತ್ತು, ಷರಾ. ಅಂಕಿಗಳನ್ನು ಯಂತ್ರದಿಂದ ನೋಡಿ ಬರೆಯುವುದು, ಷರಾ ಮಾತ್ರ ನನ್ನದು. ರಾತ್ರಿ ಮಲಗುವ ಮುನ್ನ ಐದು ನಿಮಿಷದ ಕೆಲಸ.

ಇದು ಹೊಸ ವಿಧಾನವೇನಲ್ಲ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಬಸ್ಸಿನ ಕಾಸು, ಅಂಚೆಯ ಕಾಸು, ಪತ್ರಿಕೆಯ ಕಾಸು ಎಲ್ಲವನ್ನೂ ಬರೆದು ಮಲಗುವ ಮೊದಲು ಲೆಕ್ಕ ಮುಗಿಸುತ್ತಿದ್ದೆ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆ ಲೆಕ್ಕ ನೋಡಿಯೇ ಅವರು ಖರ್ಚು ಅರ್ಧಕ್ಕೆ ಇಳಿಸಲು ನಿಶ್ಚಯಿಸಿ, ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಕೋಣೆ ಹಿಡಿದದ್ದು. ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವ ಅಭ್ಯಾಸ ಹುಟ್ಟಿದ್ದು ಕಾಸಿನ ಲೆಕ್ಕದಿಂದ. ಅಮೆರಿಕದಲ್ಲಿ 2007ರಲ್ಲಿ ಗ್ಯಾರಿ ವುಲ್ಫ್ ಮತ್ತು ಕೆವಿನ್ ಕೆಲ್ಲಿ ಎಂಬ ಇಬ್ಬರು ಪತ್ರಕರ್ತರು ತಮ್ಮನ್ನು ತಾವೇ ಅಳೆದುಕೊಳ್ಳುವವರನ್ನು ಒಂದೆಡೆ ಸೇರಿಸಿ ಅದಕ್ಕೊಂದು ಚಳವಳಿಯ ರೂಪ ಕೊಟ್ಟರು. ಹೆಸರು ಹೊಸತು. ಕೈಯಲ್ಲಿ ಬರೆದು ಕಣ್ಣಲ್ಲಿ ನೋಡಿ ತಿದ್ದಿಕೊಳ್ಳುವುದು ಹಳೆಯದು.

ಷರಾ ಮೊದಲು ಬಿಡಿಸಿದ್ದು ಮೊಬೈಲಿನ ಗಂಟನ್ನು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ನೋಡುತ್ತೇನೆಂದು ಮೊಬೈಲೇ ಹೇಳುತ್ತಿತ್ತು. ಯಾಕೆ ಎಂದು ಅದು ಹೇಳುವುದಿಲ್ಲ. ಪ್ರತಿ ಸಲ ಕೈಗೆತ್ತಿಕೊಂಡಾಗ ಮೊದಲು ಏನು ನೋಡಿದೆ ಎಂದು ಎರಡು ವಾರ ಬರೆದೆ. ರಾತ್ರಿಯ ಸಾಲುಗಳೆಲ್ಲ ಒಂದೇ: ‘ಅಡಿಕೆ ಧಾರಣೆ.’ ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು. ಸಂಜೆಯೇ ನೋಡಿರುತ್ತೇನೆ. ಶಿವಮೊಗ್ಗ ಮಾರುಕಟ್ಟೆ ರಾತ್ರಿ ಹತ್ತಕ್ಕೆ ತೆರೆದಿರುವುದೂ ಇಲ್ಲ. ಆದರೂ ಮತ್ತೊಮ್ಮೆ ನೋಡಬೇಕು, ಅಲ್ಲಿಂದ ಒಂದು ವಿಡಿಯೋ, ಅದರಿಂದ ಇನ್ನೊಂದು, ಹನ್ನೊಂದೂವರೆ. ತೋಟದ ಮನೆಯಲ್ಲಿ ಹುಟ್ಟಿದವರಿಗೆ ಧಾರಣೆಯ ಚಿಂತೆ ರಕ್ತದಲ್ಲೇ ಇರುತ್ತದೆ, ಅದನ್ನು ಬೈದು ಓಡಿಸಲಾಗದು. ಹಾಗಾಗಿ ಸಂಜೆ ಆರಕ್ಕೆ ಧಾರಣೆಯನ್ನು ಪುಸ್ತಕದ ಅಂಚಿನಲ್ಲಿ ಬರೆದಿಡತೊಡಗಿದೆ. ರಾತ್ರಿ ಕೈ ಮೊಬೈಲಿಗೆ ಹೋದರೆ ಪುಸ್ತಕ ತೆರೆದು ನೋಡುತ್ತೇನೆ. ಅಂಕಿ ಅಲ್ಲೇ ಇದೆ, ಅಲ್ಲಿಂದ ಮುಂದೆ ಜಾರಲು ದಾರಿಯಿಲ್ಲ. ಒಂದು ತಿಂಗಳಲ್ಲಿ ನಿದ್ದೆಯ ಕಾಲಂ ಐದೂಮುಕ್ಕಾಲು ಗಂಟೆಯಿಂದ ಆರೂವರೆ ದಾಟಿತು.

ನಡಿಗೆಯ ವಿಷಯಕ್ಕೆ ಬರುತ್ತೇನೆ. ಗಡಿಯಾರದಲ್ಲಿ ಗುರಿ ತಾನಾಗಿಯೇ 10,000 ಎಂದಿತ್ತು. ಈ ಹತ್ತು ಸಾವಿರ ಯಾವ ವೈದ್ಯರು ಪರೀಕ್ಷಿಸಿ ಗೊತ್ತುಮಾಡಿದ್ದೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆಮಾಪಕದ ಹೆಸರು ‘ಮಾನ್ಪೊಕೆ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಹೆಸರೇ ಮುಂದೆ ಲೋಕಕ್ಕೆಲ್ಲ ಗುರಿಯಾಯಿತು. ಸಂಶೋಧಕಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಆ ಲಾಭ 7,500ರ ಹತ್ತಿರ ಬಂದು ನಿಂತುಬಿಟ್ಟಿತ್ತು. ಇದನ್ನು ಓದಿದ ದಿನ ನನಗೆ ದೊಡ್ಡ ನೆಮ್ಮದಿಯಾಯಿತು. 3,400ರಿಂದ 10,000 ಎಂದರೆ ಕೊಡಚಾದ್ರಿ, 4,400 ಎಂದರೆ ಮನೆಯ ಹಿಂದಿನ ಗುಡ್ಡ. ಗುಡ್ಡವನ್ನು ನಾಳೆಯೇ ಹತ್ತಬಹುದು.

ಆಮೇಲೆ ಬಂದದ್ದು ತೋಳಿಗೆ ಅಂಟಿಸುವ ಸಂವೇದಕ. ನನ್ನ ವೈದ್ಯರು, ನಿಮ್ಮ ದೇಹ ಯಾವ ಊಟಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ ಎಂದು ಹದಿನಾಲ್ಕು ದಿನಕ್ಕೆ ಹಾಕಿಸಿದರು. ಕೂದಲಿನಷ್ಟು ತೆಳ್ಳಗಿನ ತಂತು ಚರ್ಮದ ಕೆಳಗಿರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆಯನ್ನು, ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಇಲ್ಲೊಂದು ಮಾತು ಹೇಳಲೇಬೇಕು. ಚರ್ಮ ಚುಚ್ಚದೆಯೇ ಸಕ್ಕರೆ ತೋರಿಸುತ್ತೇವೆ ಎನ್ನುವ ಅಗ್ಗದ ಗಡಿಯಾರ, ಉಂಗುರಗಳು ಮಾರಾಟಕ್ಕಿವೆ. ಅಂಥವನ್ನು ನಂಬಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ನನ್ನ ಸಹೋದ್ಯೋಗಿಯೊಬ್ಬರು ಅಂಥದ್ದನ್ನು ನೋಡಿ ಮಾತ್ರೆ ಬಿಡಲು ಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ.

ಆ ಹದಿನಾಲ್ಕು ದಿನ ಷರಾ ಕಾಲಂ ಸಾಲದೆ ಪುಟದ ಹಿಂಬದಿಗೂ ಬರೆದೆ. ನೀರುದೋಸೆಯ ಜೊತೆ ಜೋನಿ ಬೆಲ್ಲ ತಿಂದ ಬೆಳಿಗ್ಗೆ ಸಕ್ಕರೆಯ ಗೆರೆ ಮುಕ್ಕಾಲು ಗಂಟೆಯಲ್ಲಿ 180ರ ಹತ್ತಿರ ಏರಿತು. ಅದೇ ನೀರುದೋಸೆಯನ್ನು ಹೆಸರುಕಾಳಿನ ಪಲ್ಯದ ಜೊತೆ ತಿಂದ ದಿನ 150 ದಾಟಲಿಲ್ಲ. ಭಾನುವಾರದ ಕಡುಬು, ಕೋಳಿ ಸಾರಿಗೆ ನಾನು ಹೆದರಿದ್ದೆ, ಅದು ಅಷ್ಟೇನೂ ಏರಿಸಲಿಲ್ಲ. ಏರಿಸಿದ್ದು ಶಾಲೆಯಿಂದ ಬಂದು ಚಹಾದ ಜೊತೆ ಗಮನವೇ ಇಲ್ಲದೆ ತಿನ್ನುತ್ತಿದ್ದ ನಾಲ್ಕು ಬಿಸ್ಕತ್ತು, ಮತ್ತು ರಾತ್ರಿಯ ಅನ್ನ ಉಂಡು ಕೂತಲ್ಲೇ ಕೂರುತ್ತಿದ್ದ ಒಂದು ಗಂಟೆ.

ಒಂದು ರಾತ್ರಿ ಊಟವಾದ ಕೂಡಲೇ ಪಕ್ಕದ ಮನೆಯವರಿಗೆ ಹಲಸಿನ ತೊಳೆ ಕೊಡಲು ಹೋಗಿ, ಮಾತಾಡುತ್ತ ರಸ್ತೆಯ ಕೊನೆಯವರೆಗೆ ನಡೆದು ಬಂದೆ. ಷರಾದಲ್ಲಿ ‘ಹಲಸು ಕೊಡಲು ಹೋದದ್ದು, ಕಾಲು ಗಂಟೆ’ ಎಂದಿದೆ. ಆ ರಾತ್ರಿಯ ಗೆರೆ ಬೇರೆ ರಾತ್ರಿಗಳಿಗಿಂತ ಎಷ್ಟೋ ತಗ್ಗಿತ್ತು. ಮರುದಿನ ಬೇಕೆಂದೇ ನಡೆದೆ, ಮತ್ತೆ ತಗ್ಗಿತು. ಆಮೇಲೆ ಹುಡುಕಿದಾಗ ತಿಳಿಯಿತು, 2013ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ವಯಸ್ಸಾದವರು ಮೂರೂ ಊಟದ ನಂತರ ಹದಿನೈದು ಹದಿನೈದು ನಿಮಿಷ ನಡೆದಾಗ ದಿನದ ಸಕ್ಕರೆ ಹತೋಟಿ ಸುಧಾರಿಸಿತ್ತು. ರಾತ್ರಿಯೂಟದ ನಂತರದ ಏರಿಕೆಯನ್ನು ತಗ್ಗಿಸುವುದರಲ್ಲಿ ಬೆಳಿಗ್ಗೆ ಒಟ್ಟಿಗೆ ಮುಕ್ಕಾಲು ಗಂಟೆ ನಡೆಯುವುದಕ್ಕಿಂತ ಇದೇ ಮೇಲಾಗಿತ್ತು. ಬೆಳಗಿನ ಮುಕ್ಕಾಲು ಗಂಟೆಗಾಗಿ ನಾನು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ. ನನಗೆ ಸಿಕ್ಕಿದ್ದು ರಾತ್ರಿಯ ಕಾಲು ಗಂಟೆ. ಈಗ ಮನೆಯವರೂ ಜೊತೆಗೆ ಬರುತ್ತಾರೆ. ಸಂವೇದಕ ತೆಗೆದು ವರ್ಷವಾಯಿತು, ನಡಿಗೆ ನಿಂತಿಲ್ಲ. ಮೊನ್ನೆಯ ಎಚ್‌ಬಿಎ1ಸಿ 5.8. ಇನ್ನೂ ಹೊಸ್ತಿಲ ಮೇಲೆಯೇ ಇದ್ದೇನೆ.

ಈ ಯಂತ್ರಗಳ ಬಗ್ಗೆ ನನಗೆ ನಿಜವಾದ ಬೇಸರ ಒಂದಿದೆ. ಕಳೆದ ಜುಲೈಯಲ್ಲಿ ಊರಿಗೆ ಹೋದಾಗ ಗಾಳಿ ಮಳೆಗೆ ಕಂಬಗಳು ಬಿದ್ದು ಮೂರು ದಿನ ಕರೆಂಟಿರಲಿಲ್ಲ. ಗಡಿಯಾರ ಸತ್ತಿತು. ಕರೆಂಟು ಬಂದ ಮೇಲೆ ನೋಡಿದರೆ ಆ ಮೂರು ದಿನಗಳ ಮುಂದೆ ಸೊನ್ನೆ, ನಲವತ್ತು ದಿನದಿಂದ ಬೆಳೆದಿದ್ದ, ಗುರಿ ತಪ್ಪದ ದಿನಗಳ ಸರಪಳಿ ತುಂಡಾಗಿದೆ ಎಂಬ ಸಂದೇಶ. ಆ ಮೂರು ದಿನ ನಾನು ಬಾವಿಯಿಂದ ನೀರು ಸೇದಿದ್ದೆ, ಬಿದ್ದ ಮರಗಳನ್ನು ನೋಡಲು ತೋಟವಿಡೀ ತಿರುಗಿದ್ದೆ. ಅಳೆಯದಿದ್ದದ್ದಕ್ಕೂ ಸೊನ್ನೆಗೂ ಎಷ್ಟು ಅಂತರ! ಅಪ್ಪಯ್ಯನ ಪುಸ್ತಕದಲ್ಲಿ ಮಳೆ ಬಾರದ ದಿನ 0 ಇರುತ್ತದೆ. 2023ರ ಆಗಸ್ಟ್ ಪುಟ ತೆರೆದರೆ, ಮಳೆ ಸುರಿಯಬೇಕಾದ ತಿಂಗಳಲ್ಲಿ ಸಾಲುಸಾಲು ಸೊನ್ನೆಗಳು ಹೊಟ್ಟೆ ಕಿವುಚುವಂತೆ ನಿಂತಿವೆ. ಅಜ್ಜಿ ತೀರಿಕೊಂಡ ದಿನಗಳಲ್ಲಿ ಮಾತ್ರ ಅಂಕಿಯ ಜಾಗ ಖಾಲಿ, ಷರಾದಲ್ಲಿ ‘ಅಳೆದಿಲ್ಲ’. ಅದರ ಮುಂದಿನ ಅಂಕಿಯ ಪಕ್ಕದಲ್ಲಿ ‘ಮೂರು ದಿನದ್ದು’. 2019ರ ಆಗಸ್ಟಿನಲ್ಲಿ ತುಂಗೆ ಶಿವಮೊಗ್ಗದ ಬೀದಿಗಳಿಗೆ ನುಗ್ಗಿದಳಲ್ಲ, ಆ ದಿನಗಳ ಒಂದು ಷರಾ: ‘ಮಾಪಕ ತುಂಬಿ ಹರಿದಿದೆ. ಅಳತೆ ಸರಿಯಲ್ಲ, ಇದಕ್ಕಿಂತ ಹೆಚ್ಚು.’ ಇಷ್ಟು ಪ್ರಾಮಾಣಿಕವಾದ ಒಂದು ಸಾಲನ್ನು ನನ್ನ ಮೊಬೈಲ್ ಇದುವರೆಗೆ ನನಗೆ ಹೇಳಿಲ್ಲ.

ಸರಪಳಿ ಕಡಿಯಬಾರದೆಂದು ಒಂದು ರಾತ್ರಿ ಹನ್ನೊಂದಕ್ಕೆ ಎದ್ದು ನಡುಮನೆಯಲ್ಲಿ ಸುತ್ತು ಹಾಕಿದ್ದೆ. ಹೆಜ್ಜೆ ತುಂಬಿತು, ನಿದ್ದೆ ಹೋಯಿತು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ, ಯಾವ ಅಂಕಿಯನ್ನು ಹಿಡಿದು ಹತೋಟಿಗೆ ಹೊರಡುತ್ತೇವೋ ಆ ಅಂಕಿ ಮೊದಲಿನ ಅರ್ಥವನ್ನು ಕಳೆದುಕೊಳ್ಳುತ್ತದೆ ಎಂದಿದ್ದರು. ದೇಶದ ಬ್ಯಾಂಕಿಗೆ ಹೇಳಿದ ಮಾತು ನಮ್ಮ ನಡುಮನೆಗೂ ಸಲ್ಲುತ್ತದೆ. ಅಂದಿನಿಂದ ಸರಪಳಿಯ ಸೂಚನೆಗಳನ್ನೆಲ್ಲ ನಿಲ್ಲಿಸಿದ್ದೇನೆ.

ಮಳೆಯ ಅಂಕಿ ಊರಿನದು, ಕೇಳಿದವರಿಗೆಲ್ಲ ಹೇಳಬಹುದು. ನನ್ನ ಎದೆಬಡಿತ, ನನ್ನ ನಿದ್ದೆ, ನಾನು ನಡೆದ ದಾರಿ ನನ್ನವು. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ಭೂಪಟದಲ್ಲಿ ಸೈನಿಕರ ಓಟದ ಜಾಡುಗಳಿಂದ ಹೊರದೇಶಗಳಲ್ಲಿದ್ದ ಸೇನಾ ನೆಲೆಗಳ ಆಕಾರವೇ 2018ರ ಜನವರಿಯಲ್ಲಿ ಬಯಲಾಗಿತ್ತು. ಶಸ್ತ್ರ ಹಿಡಿದವರ ದಾರಿಯೇ ಹೀಗಾದರೆ, ಸಂಜೆ ಒಬ್ಬಳೇ ನಡೆಯುವ ಹೆಣ್ಣುಮಗಳ ದಾರಿಯ ಗತಿ ಏನು? ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯಿದೆ ಬಂದಿದೆ, ಒಪ್ಪಿಗೆಯನ್ನು ಹಿಂದೆ ಪಡೆಯುವ, ಅಳಿಸಿ ಎಂದು ಕೇಳುವ ಹಕ್ಕುಗಳು ಅದರಲ್ಲಿವೆ. ಹೆಜ್ಜೆ ಎಣಿಸಲು ನನ್ನ ದೂರವಾಣಿ ಪಟ್ಟಿ ಕೇಳಿದ ಒಂದು ಆ್ಯಪನ್ನು ನಾನು ಅಂದೇ ತೆಗೆದುಹಾಕಿದೆ. ಮಗಳಿಗೂ ತೆಗೆಸಿದೆ.

ಅಪ್ಪಯ್ಯನಿಗೆ ಈಗ ಎಂಬತ್ತೊಂದು. ಮೊಣಕಾಲು ಮಾತು ಕೇಳುವುದಿಲ್ಲ, ಗಾಜಿನ ಲೋಟದ ಗೆರೆ ಕಣ್ಣಿಗೆ ಹಿಡಿಯುವುದಿಲ್ಲ. ಈ ಜೂನ್‌ನ ಒಂದು ಭಾನುವಾರ ಮೊದಲ ಬಾರಿಗೆ ನಾನು ಅಳೆದೆ. ಅವರು ಜಗಲಿಯ ಕಂಬ ಹಿಡಿದು ನಿಂತಿದ್ದರು. ‘ಲೋಟ ಓರೆ ಮಾಡಬೇಡ. ನೀರಿನ ತಗ್ಗು ನೋಡು, ಅಂಚು ನೋಡಬೇಡ.’ ಎರಡು ಲೋಟ ತುಂಬಿ ಮೂರನೆಯದರಲ್ಲಿ ಅರ್ಧ. ಪುಸ್ತಕ ತಂದು ಅವರೆದುರು ಕೂತು ಅಂಕಿ ಬರೆದೆ.

‘ಷರಾ ಏನು ಬರೆಯಲಿ ಅಪ್ಪಯ್ಯ?’

‘ಬೆಳಗಿನ ಜಾವ ಗಾಳಿ. ಹಳ್ಳದ ಪಕ್ಕ ಎರಡು ಮರ ಹೋಗಿದೆ ಅಂತ ಕಾಣುತ್ತದೆ, ಸದ್ದು ಕೇಳಿತ್ತು. ನೋಡಿ ಬಂದು ಬರೆ.’

ನೋಡಲು ಇಬ್ಬರೂ ಹೋದೆವು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅವರ ತೋಳು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಿದ್ದದ್ದು ಮೂರು ಮರ. ರಾತ್ರಿ ಶಿವಮೊಗ್ಗಕ್ಕೆ ಬಂದು ನನ್ನ ಪುಸ್ತಕ ತೆರೆದೆ. ಹೆಜ್ಜೆ: 2,140. ಷರಾ: ಅಪ್ಪಯ್ಯನ ಜೊತೆ ಹಳ್ಳದವರೆಗೆ, ಅವರ ನಡಿಗೆಯಲ್ಲಿ.